ನಿವೃತ್ತರೇ, ಕಾರ್ಡು ಯಾವುದೆಂದು ಈಗಲೇ ತಿಳಿದುಕೊಳ್ಳಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪಿಂಚಣಿದಾರ ಹಿರಿಯರಿಗೆ ಒಂದು ಮಾತು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ನಿಗದಿತ ದರದ ಶೇ. 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಸರ್ಕಾರಿ ಪಿಂಚಣಿ ಪಡೆಯುವ ಮೇಷ್ಟ್ರು, ಗುಮಾಸ್ತರು ಹೆಚ್ಚಾಗಿ ಈ ಎರಡನೇ ಸಾಲಿನವರು. ಮಿಕ್ಕ ಶೇ. 70 ಕೈಯಿಂದಲೇ ಹೋಗಬೇಕು.

70 ತುಂಬಿದವರಿಗೆ ಆದಾಯ ಕೇಳದೆ 5 ಲಕ್ಷದ ರಕ್ಷಣೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಅದಕ್ಕೆ ಆಧಾರ್‌ನಲ್ಲಿರುವ ವಯಸ್ಸೇ ಲೆಕ್ಕ. ಜನ್ಮದಿನಾಂಕ ತಪ್ಪಿದ್ದರೆ ತಿದ್ದಿಸಿ.

ಎದೆನೋವು ಬಂದ ರಾತ್ರಿ ಇದನ್ನೆಲ್ಲ ವಿಚಾರಿಸಲು ಆಗುವುದಿಲ್ಲ. ಮೈ ಚೆನ್ನಾಗಿರುವಾಗಲೇ ಸರ್ಕಾರಿ ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಿ: ನನ್ನ ಕಾರ್ಡಿಗೆ ಎಷ್ಟು ಸಿಗುತ್ತದೆ, ಯಾವ ಚಿಕಿತ್ಸೆಗೆ ರೆಫರಲ್ ಚೀಟಿ ಬೇಕು?