ಸಣ್ಣ ಬೋರ್ಡೊಂದು ಕಲಿಸಿದ ಪಾಠ

ಕಳೆದ ಮಳೆಗಾಲದ ಒಂದು ರಾತ್ರಿ ಮರುದಿನದ ಮೊಕದ್ದಮೆಯ ಕಡತ ಬಿಡಿಸಿಕೊಂಡು ಕುಳಿತಿದ್ದೆ. ಇಂಜಿನಿಯರಿಂಗ್ ಕಾಲೇಜಿನ ಮೂರನೆಯ ವರ್ಷದಲ್ಲಿ ಇಲೆಕ್ಟ್ರಾನಿಕ್ಸ್ ಓದುತ್ತಿರುವ ಮಗಳು ಬಂದು ಮೇಜಿನೆದುರು ನಿಂತಳು. ಅವಳ ಅಂಗೈಯಲ್ಲಿ ಒಂದು ಪುಟ್ಟ ಬೋರ್ಡು.

“ಅಪ್ಪ, ಇದು ನನ್ನಿಂದಾಗುವುದಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಪುಸ್ತಕ ನೋಡಿದ ಕೂಡಲೇ ಕೆಲಸ ಶುರು ಮಾಡುತ್ತಾರೆ. ನನಗೆ ಒಂದು ಪುಟ ಅರ್ಥವಾಗಲು ಒಂದು ಸಂಜೆ ಬೇಕು. ನನ್ನನ್ನೂ ಅಲ್ಲಿಗೇ ಸೇರಿಸಬಹುದಿತ್ತಲ್ಲ?”

ಎದುರು ಪಕ್ಷದವರ ಪ್ರಶ್ನೆಗೆ ಏನಾದರೊಂದು ಉತ್ತರ ಹುಡುಕುವುದು ನಮ್ಮ ವೃತ್ತಿ. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಅವಳನ್ನು ಕಾಸರಗೋಡಿನ ಕನ್ನಡ ಶಾಲೆಗೆ ಸೇರಿಸಿದವನು ನಾನೇ. ಬಂಧುಗಳು ಬೇಡವೆಂದರೂ ಕೇಳಿರಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ಹೇಳುವ ಸಂವಿಧಾನದ 350ಎ ವಿಧಿಯನ್ನು ನಾನು ಎಷ್ಟೋ ಸಭೆಗಳಲ್ಲಿ ಉದ್ಧರಿಸಿದ್ದೇನೆ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ವರ್ಷವೇ ಏಳನೆಯ ತಿದ್ದುಪಡಿಯ ಮೂಲಕ ಆ ವಿಧಿಯೂ ಬಂತು. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಶಿಕ್ಷಣದ ಮಾತನ್ನು ಮಾತ್ರ. ಆ ಹಂತ ದಾಟಿದ ಮೇಲೆ ಏನು ಎಂಬ ಪ್ರಶ್ನೆಯನ್ನು ನಾನು ಯಾವ ಸಭೆಯಲ್ಲಿಯೂ ಎತ್ತಿರಲಿಲ್ಲ. ಅದನ್ನು ಮಗಳು ಎತ್ತಿದಳು.

ಕಡತವನ್ನು ಬದಿಗಿಟ್ಟು, “ಎಲ್ಲಿ, ನನಗೂ ಹೇಳಿಕೊಡು” ಎಂದೆ.

ತೋಟದ ಪಂಪನ್ನು ತಾನಾಗಿ ನಡೆಸುವ ಯಂತ್ರವೊಂದನ್ನು ಮಾಡುವುದು ಅವಳ ತಂಡಕ್ಕೆ ಸಿಕ್ಕಿದ ಕೆಲಸ. ಬೋರ್ಡು ಹಿರಿಯ ವಿದ್ಯಾರ್ಥಿಗಳು ಮಾಡಿಟ್ಟು ಹೋದದ್ದು. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪ್ರಸಿದ್ಧ ಬೋರ್ಡಿನ ನಕ್ಷೆ ಯಾರಿಗೂ ಮುಕ್ತವಾಗಿ ದೊರೆಯುತ್ತದೆ. ಅದನ್ನೇ ಅನುಸರಿಸಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಪ್ರೊಸೆಸರನ್ನೇ ಕೂರಿಸಿ, ಮೆಮೊರಿ ಚಿಪ್ಪನ್ನು ಮಾತ್ರ ಬೇರೆ ಹಾಕಿದ್ದರು. ವಿದ್ಯುತ್ ಕೊಟ್ಟರೆ ಕಂಪ್ಯೂಟರಿನ ಪರದೆಯ ಮೇಲೆ ‘ಸಿ’ ಎಂಬ ಇಂಗ್ಲಿಷ್ ಅಕ್ಷರ ಸಾಲಾಗಿ ಮೂಡುತ್ತಿತ್ತು. ಬೇರೇನೂ ಇಲ್ಲ.

ಬೋರ್ಡಿಗೆ ವಿದ್ಯುತ್ ಬಂದ ಕ್ಷಣದಲ್ಲಿ ಪ್ರೊಸೆಸರಿಗೆ ಏನೂ ತಿಳಿದಿರುವುದಿಲ್ಲ. ಹೊರಗಿನ ದೊಡ್ಡ ಮೆಮೊರಿಯನ್ನು ಬಳಸುವ ಬಗೆಯೂ ತಿಳಿಯದು. ಅದರೊಳಗೆ ಕಾರ್ಖಾನೆಯಲ್ಲಿಯೇ ಅಚ್ಚೊತ್ತಿದ ಒಂದು ಕಿರು ಕ್ರಮವಿಧಿ ಇರುತ್ತದೆ. ಅದು ಬೋರ್ಡಿನ ಶಾಶ್ವತ ಸಂಗ್ರಹ, ಮೆಮೊರಿ ಕಾರ್ಡು, ಸೀರಿಯಲ್ ತಂತಿ, ಯುಎಸ್‌ಬಿ ಎಂಬ ಕ್ರಮದಲ್ಲಿ ಮುಂದಿನ ಕ್ರಮವಿಧಿಗಾಗಿ ಹುಡುಕುತ್ತದೆ. ಸಿಕ್ಕಿದ್ದನ್ನು ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿಗೆ ತುಂಬಿಕೊಳ್ಳುತ್ತದೆ. ಅಲ್ಲಿಗೆ ಬರುವ ಕ್ರಮವಿಧಿ 109 ಕಿಲೋಬೈಟು ಮೀರುವಂತಿಲ್ಲ. ಬೀಗಲ್‌ಬೋನಿನ ಹೊರಗಿನ ಮೆಮೊರಿಯಾದರೋ 512 ಮೆಗಾಬೈಟು. ಆ ಪುಟ್ಟ ಕ್ರಮವಿಧಿಯ ಮುಖ್ಯ ಕೆಲಸ, ಹೊರಗಿನ ದೊಡ್ಡ ಮೆಮೊರಿಯನ್ನು ಬಳಕೆಗೆ ಸಿದ್ಧಗೊಳಿಸುವುದು. ಬಳಿಕ ಪೂರ್ಣ ಬೂಟ್‌ಲೋಡರ್ ಅಲ್ಲಿಗೆ ಬರುತ್ತದೆ. ಅದು ಲಿನಕ್ಸನ್ನು ಕರೆತರುತ್ತದೆ. ಮುನ್ಸಿಫ್ ಕೋರ್ಟು, ಜಿಲ್ಲಾ ಕೋರ್ಟು, ಹೈಕೋರ್ಟು ಎಂದು ನಾನು ಮನಸ್ಸಿನಲ್ಲಿಯೇ ಹೊಂದಿಸಿಕೊಂಡೆ. ಪ್ರತಿಯೊಂದಕ್ಕೂ ಅದರದೇ ಅಧಿಕಾರವ್ಯಾಪ್ತಿ.

ಅವಳು ಬಳಸುತ್ತಿದ್ದ ಬೂಟ್‌ಲೋಡರಿನ ಹೆಸರು ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಎಂಬವರು ಪವರ್‌ಪಿಸಿ ಪ್ರೊಸೆಸರುಗಳಿಗಾಗಿ ಬೆಳೆಸಿದ ಕ್ರಮವಿಧಿಯು ಬೇರೆ ಪ್ರೊಸೆಸರುಗಳಿಗೂ ಒಗ್ಗಿದಾಗ, 2002ರಲ್ಲಿ ಈ ಹೆಸರು ಬಂತು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಜಲಾಂತರ್ಗಾಮಿ ಎಂಬ ಅರ್ಥವೂ ಇದೆ. ವಕೀಲನಾದ ನನ್ನ ಕಣ್ಣು ಮೊದಲು ಬಿದ್ದದ್ದು ಅದರ ಪರವಾನಗಿಯ ಮೇಲೆ. ಜಿಪಿಎಲ್ ಎಂಬ ಆ ಪರವಾನಗಿಯ ಪ್ರಕಾರ, ಕ್ರಮವಿಧಿಯನ್ನು ಯಾರಿಗಾದರೂ ಕೊಟ್ಟವರು ಅದರ ಮೂಲ ಬರಹವನ್ನೂ ಅವರಿಗೆ ಒದಗಿಸಬೇಕು. ಇಂಥ ಪರವಾನಗಿ ಕಾನೂನಿನೆದುರು ನಿಲ್ಲುತ್ತದೆಂದು ಮ್ಯೂನಿಕ್ ನಗರದ ನ್ಯಾಯಾಲಯ 2004ರಲ್ಲಿಯೇ ಎತ್ತಿಹಿಡಿದಿದೆ. ಎಂದರೆ ದೊಡ್ಡ ಕಂಪನಿಯ ಇಂಜಿನಿಯರು ಓದುವ ಬರಹವನ್ನೇ ಗಡಿನಾಡಿನ ಹುಡುಗಿಯೂ ಓದಬಹುದು. ಯಾರ ದಾಕ್ಷಿಣ್ಯದಿಂದಲೂ ಅಲ್ಲ, ಹಕ್ಕಿನಿಂದ. ಹಕ್ಕು ಇದೆ, ಓದುವ ಬಗೆ ಮಾತ್ರ ತಿಳಿಯಬೇಕಿತ್ತು.

ಪ್ರೊಸೆಸರಿನ ಕೈಪಿಡಿ ಸಾವಿರಾರು ಪುಟಗಳದ್ದು. ನಮಗೆ ಬೇಕಾದದ್ದು ಅದರ 26ನೆಯ ಅಧ್ಯಾಯ. ನಾವೊಂದು ನಿಯಮ ಮಾಡಿಕೊಂಡೆವು: ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಹೇಳಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ.

ಮೊದಲ ಸಂಜೆಯೇ ಒಂದು ಸಂಗತಿ ಹೊಳೆಯಿತು. ನಾವು ದೋಷವೆಂದು ಬಗೆದಿದ್ದ ‘ಸಿ’ ಅಕ್ಷರ ದೋಷವೇ ಅಲ್ಲ. ಸಂಗ್ರಹದಲ್ಲಿಯೂ ಕಾರ್ಡಿನಲ್ಲಿಯೂ ಏನೂ ಸಿಗದೆ, “ತಂತಿಯ ಮೂಲಕವಾದರೂ ಕಳುಹಿಸಿರಿ, ಕಾಯುತ್ತಿದ್ದೇನೆ” ಎಂದು ಬೋರ್ಡು ಕೇಳುತ್ತಿತ್ತು. ಬೋರ್ಡು ಸತ್ತಿರಲಿಲ್ಲ. ಹಾಗಾದರೆ ಕಾರ್ಡಿನಲ್ಲಿದ್ದದ್ದು ಏಕೆ ಕಾಣಲಿಲ್ಲ? ಕಾರ್ಡಿನ ಮೊದಲ ಭಾಗವನ್ನು ‘ಸಕ್ರಿಯ’ ಎಂದು ಗುರುತಿಸಬೇಕೆಂಬ ಷರತ್ತೊಂದು ಕೈಪಿಡಿಯಲ್ಲಿತ್ತು. ಗುರುತಿಸಿದಳು, ‘ಸಿ’ ನಿಂತಿತು.

ಮುಂದೆ ಇನ್ನೊಂದು ತಡೆ. ಬೀಗಲ್‌ಬೋನ್ ಬೋರ್ಡುಗಳಲ್ಲಿ ಒಂದು ಸಣ್ಣ ಚಿಪ್ಪಿನೊಳಗೆ ಬೋರ್ಡಿನ ಹೆಸರು ಬರೆದಿರುತ್ತದೆ. ಮೊದಲ ಹಂತದ ಯು-ಬೂಟ್ ಅದನ್ನು ಓದಿ, ಇದು ಯಾವ ಬೋರ್ಡು, ಯಾವ ಮೆಮೊರಿ ಎಂದು ತೀರ್ಮಾನಿಸುತ್ತದೆ. ಹಿರಿಯ ವಿದ್ಯಾರ್ಥಿಗಳ ಬೋರ್ಡಿನಲ್ಲಿ ಆ ಚಿಪ್ಪು ಖಾಲಿ. ಗುರುತಿನ ಚೀಟಿಯಿಲ್ಲದ ಅರ್ಜಿದಾರನನ್ನು ಕಚೇರಿಯಲ್ಲಿ ನಿಲ್ಲಿಸುವಂತೆ ಯು-ಬೂಟ್ ಅಲ್ಲಿಯೇ ನಿಂತುಬಿಟ್ಟಿತು. ಬೂಟ್‌ಲೋಡರನ್ನು ಹೊಸ ಬೋರ್ಡಿಗೆ ಒಗ್ಗಿಸುವ ಕೆಲಸ, ಅವರ ಮಾತಿನಲ್ಲಿ ಪೋರ್ಟಿಂಗ್, ಇಲ್ಲಿಂದಲೇ ಆರಂಭ. ಹಳೆಯ ಬೋರ್ಡಿನ ಸಂರಚನಾ ಕಡತವನ್ನು ನಕಲು ಮಾಡಿ ಹೊಸ ಹೆಸರು ಕೊಟ್ಟಳು. ಗುರುತು ಕೇಳುವ ಬದಲು, ಈ ಬೋರ್ಡು ಇಂಥದ್ದೇ ಎಂದು ಕ್ರಮವಿಧಿಯಲ್ಲಿಯೇ ಬರೆದಳು. ಬೋರ್ಡಿನಲ್ಲಿ ಯಾವ ಭಾಗ ಎಲ್ಲಿದೆ ಎಂದು ವಿವರಿಸುವ ‘ಡಿವೈಸ್ ಟ್ರೀ’ ಎಂಬ ಪಟ್ಟಿಯನ್ನು ತಿದ್ದಿದಳು. ಅದನ್ನು ನೋಡಿ ನನಗೆ ಕ್ರಯಪತ್ರದ ಷೆಡ್ಯೂಲೂ ಚೆಕ್ಕುಬಂದಿಯೂ ನೆನಪಾದವು. ಗಡಿ ತಪ್ಪಿ ಬರೆದರೆ ಅಲ್ಲಿಯೂ ಅನರ್ಥವೇ.

ಕೊನೆಗೆ ಉಳಿದದ್ದು ಹೊಸ ಮೆಮೊರಿ ಚಿಪ್ಪಿನ ಕಾಲಾವಧಿಯ ಲೆಕ್ಕ. ಇಲ್ಲಿ ನಾಲ್ಕು ದಿನ ಹೋದವು. ಯು-ಬೂಟ್ ಒಮ್ಮೆ ಏಳುವುದು, ಒಮ್ಮೆ ನಡುವೆ ಬೀಳುವುದು. ಐದನೆಯ ದಿನ, “ಆ ಸಾಲನ್ನು ಮತ್ತೆ ಕನ್ನಡದಲ್ಲಿ ಹೇಳು” ಎಂದೆ. ಬೇಸರದಿಂದಲೇ ಹೇಳತೊಡಗಿದಳು: “ಒಂದು ಸಾಲನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದಕ್ಕೆ ಕನಿಷ್ಠ…”

ಅಷ್ಟಕ್ಕೇ ನಿಂತಳು. “ಕನಿಷ್ಠ! ಅಪ್ಪ, ಇದು ಕನಿಷ್ಠ!”

ಚಿಪ್ಪಿನ ಪತ್ರಿಕೆಯಲ್ಲಿ ಇದ್ದದ್ದು 13.75 ನ್ಯಾನೋಸೆಕೆಂಡು. ಮೆಮೊರಿಯ ಗಡಿಯಾರದ ಒಂದು ಬಡಿತ 2.5 ನ್ಯಾನೋಸೆಕೆಂಡು. ಭಾಗಿಸಿದರೆ ಐದೂವರೆ. ಅವಳು ಅರೆಯನ್ನು ಬಿಟ್ಟು 5 ಎಂದು ಹಿಡಿದಿದ್ದಳು. ಕನಿಷ್ಠ ಐದೂವರೆ ಬೇಕೆಂದ ಮೇಲೆ 5 ಸಾಲದು, 6 ಆಗಬೇಕು. ಕನಿಷ್ಠ ಮೂವತ್ತು ದಿನಗಳ ನೋಟೀಸು ಎಂದಲ್ಲಿ ಇಪ್ಪತ್ತೊಂಬತ್ತೂವರೆ ದಿನ ನಡೆಯುವುದಿಲ್ಲ ಎಂಬುದು ನನಗೆ ತಿಳಿದ ವಿದ್ಯೆ. ಆದರೆ ಅದನ್ನು ನಾನು ಹೇಳಬೇಕಾಗಲಿಲ್ಲ. ಇಂಗ್ಲಿಷಿನಲ್ಲಿ ಹತ್ತು ಸಲ ಓದಿ ದಾಟಿಹೋಗಿದ್ದ ಶಬ್ದ, ಕನ್ನಡದಲ್ಲಿ ಬಾಯಿಗೆ ಬಂದಾಗ ಅವಳನ್ನು ತಡೆದು ನಿಲ್ಲಿಸಿತ್ತು. ಆ ಕೋಷ್ಟಕದಲ್ಲಿ ಒಂದು ಕಳೆದೇ ಬರೆಯಬೇಕಾದುದರಿಂದ, 4 ಇದ್ದಲ್ಲಿ 5 ಎಂದು ತಿದ್ದಿದಳು. ಅದೇ ತಪ್ಪು ಇನ್ನೂ ಕೆಲವು ಸಾಲುಗಳಲ್ಲಿತ್ತು; ಅವನ್ನೂ ಸರಿಪಡಿಸಿದಳು. ಆ ರಾತ್ರಿ ಯು-ಬೂಟ್ ಎದ್ದು, ಎಣಿಕೆ ಮುಗಿಸಿ, ಲಿನಕ್ಸಿಗೆ ದಾರಿ ಬಿಟ್ಟಿತು. ಇಪ್ಪತ್ತು ಸಲ ಆರಿಸಿ ಹಚ್ಚಿದೆವು. ಇಪ್ಪತ್ತು ಸಲವೂ ಎದ್ದಿತು.

ಇದರಿಂದ ಕನ್ನಡ ಮಾಧ್ಯಮವೇ ಗೆದ್ದಿತೆಂದು ಸಾರಲು ನಾನು ಹೊರಟಿಲ್ಲ. ಅವಳ ಮೊದಲ ದಿನದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಮೊದಲ ಹಂತದ ಕ್ರಮವಿಧಿ ಪ್ರೊಸೆಸರಿನೊಳಗಿನ ಪುಟ್ಟ ಜಾಗದಲ್ಲಿಯೇ ನಡೆಯಬೇಕು. ಹೊರಗಿನ ಮೆಮೊರಿ ಎಷ್ಟೇ ದೊಡ್ಡದಿರಲಿ, ಇದು ಸಿದ್ಧಗೊಳಿಸದೆ ಅದು ಬಳಕೆಗೆ ಬಾರದು. ಮಗುವಿನ ಮಟ್ಟಿಗೆ ಆ ಒಳಗಿನ ಜಾಗ ಮನೆಮಾತಿನದು ಎಂಬ ನನ್ನ ನಂಬಿಕೆ ಈಗ ಇನ್ನಷ್ಟು ಗಟ್ಟಿಯಾಗಿದೆ. ಆದರೆ ಮೊದಲ ಹಂತ ಅಲ್ಲಿಯೇ ನಿಂತುಬಿಟ್ಟರೆ ಬೋರ್ಡು ಏಳುವುದಿಲ್ಲ. ಮುಂದಿನದಕ್ಕೆ ಸರಿಯಾಗಿ ಒಪ್ಪಿಸಿಕೊಟ್ಟಾಗಲೇ ಅದರ ಕೆಲಸ ಮುಗಿಯುತ್ತದೆ. ನಮ್ಮ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬೇಕೆಂದು ಕೇಳುವುದು ಕನ್ನಡಕ್ಕೆ ಮಾಡುವ ದ್ರೋಹವೆಂದು ನಾನು ಬಹಳ ಕಾಲ ಸುಮ್ಮನಿದ್ದೆ. ಅದು ನನ್ನ ತಪ್ಪು. ಆ ಬೇಡಿಕೆಯನ್ನೂ ನಾವು, ಹೆತ್ತವರೇ, ಮುಂದಿಡಬೇಕು.

ಮೊನ್ನೆ ಅವಳು ಓದಿದ ಶಾಲೆಯವರು ಕರೆದಾಗ ಬೋರ್ಡನ್ನೂ ಆ ನೋಟ್‌ಬುಕ್ಕನ್ನೂ ಒಯ್ದಿದ್ದಳು. ಕೇರಳದ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ. ಅದಕ್ಕೂ ಮೊದಲು ಏನು ನಡೆಯುತ್ತದೆ ಎಂಬುದು ಹೊಸದು. ಕಾರ್ಡು ತೆಗೆದು ವಿದ್ಯುತ್ ಕೊಟ್ಟಾಗ ಪರದೆಯಲ್ಲಿ ‘ಸಿ’ಗಳ ಸಾಲು ಮೂಡಿತು.

“ಅಕ್ಕ, ಅದು ‘ಸಿ’ ಅಂತಲೇ ಯಾಕೆ ಕೇಳುವುದು?” ಎಂದ ಏಳನೆಯ ತರಗತಿಯ ಹುಡುಗನೊಬ್ಬ.

“ಕಳುಹಿಸಿದ್ದನ್ನು ಸುಮ್ಮನೆ ತೆಗೆದುಕೊಳ್ಳುವುದಿಲ್ಲ, ಪ್ರತಿಯೊಂದು ಕಂತನ್ನೂ ಲೆಕ್ಕ ಹಾಕಿ ತಾಳೆ ನೋಡಿಯೇ ಒಪ್ಪಿಕೊಳ್ಳುತ್ತೇನೆ ಅಂತ ಅದರ ಅರ್ಥ” ಎಂದಳು ಮಗಳು, ನೋಟ್‌ಬುಕ್ಕು ನೋಡದೆಯೇ.