ಬೆಂಜಿನ ಮಳೆಗಾಲ

ಜೂನ್ 14, ಶುಕ್ರವಾರ, ಡಿಚೋಲಿ

ಗಾಡಿ ಹೊರಗೆ ತೆಗೆದರೆ ನೆಲದ ಮೇಲೆ ಅಂಗೈಯಗಲ ಎಣ್ಣೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆಯಿಂದ ತೊಟ್ಟಿಕ್ಕಿದೆ. ಸಂಜೆ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಒಮ್ಮೆ ಬಗ್ಗಿ ನೋಡಿ, ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದುಬಿಟ್ಟರು. ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ.

2008ರ ಇ 280 ಸಿಡಿಐ, ಮೂರು ಲೀಟರಿನ ವಿ-6 ಡೀಸೆಲ್. ಬೆಂಗಳೂರಿನಿಂದ ತಂದು, ಎನ್‌ಒಸಿ ತರಿಸಿ, ಗೋವಾದ ಜಿಎ-04 ನಂಬರ್ ಮಾಡಿಸಿದ್ದು. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ 5,000 ರೂಪಾಯಿ ಕಟ್ಟಿದೆ. 2022ರ ಏಪ್ರಿಲ್‌ಗೆ ಮುಂಚೆ ಅದು ಬರೀ 600 ಇತ್ತು. ಅಷ್ಟು ಮಾಡಿ ಉಳಿಸಿಕೊಂಡ ಗಾಡಿಯನ್ನು ಅಂದಾಜಿನ ಮೇಲೆ ಬಿಚ್ಚಲು ಕೊಡಲಾರೆ.

ಜೂನ್ 16, ರವಿವಾರ

ಬೈಲಹೊಂಗಲ ಕಡೆಯ ಮಿಸ್ತ್ರಿ ಮನೆಗೇ ಬಂದ. ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಕಡ್ಡಿಗೆ ಕಟ್ಟಿದ ಸಣ್ಣ ಕನ್ನಡಿಯನ್ನು ಟರ್ಬೊ ಹಿಂದೆ ಇಳಿಸಿದ.

"ಸರ, ಹಿಂದಿನ ಸೀಲ್ ಅಲ್ರಿ ಇದು. ಎಣ್ಣಿ ಮ್ಯಾಲಿಂದ ಇಳಿಯಾಕತ್ತೈತಿ. ನೋಡ್ರಿ ಇಲ್ಲೆ."

ಕನ್ನಡಿಯಲ್ಲಿ ಕಪ್ಪು ಎಣ್ಣೆ ಕೆರೆಯಂತೆ ನಿಂತಿತ್ತು. ಎರಡು ಸಾಲು ಸಿಲಿಂಡರುಗಳ ನಡುವಿನ ತಗ್ಗಿನಲ್ಲಿ ಆಯಿಲ್ ಕೂಲರ್ ಕೂತಿದೆ. ಅದರ ಅಡಿಯ ರಬ್ಬರ್ ಸೀಲುಗಳು ಇಷ್ಟು ವರ್ಷದ ಕಾವಿಗೆ ಗಟ್ಟಿಯಾಗಿವೆ. ಅಲ್ಲಿ ತುಂಬಿದ ಎಣ್ಣೆ ಹಿಂಬದಿಯಿಂದ ಇಳಿದು ಗೇರ್‌ಬಾಕ್ಸ್ ಹತ್ತಿರ ತೊಟ್ಟಿಕ್ಕುತ್ತದೆ. ನೋಡಿದವರು ಮೋಸಹೋಗುವುದು ಹೀಗೇ. ಈಗ ಬರುವ ನೇರಳೆ ಬಣ್ಣದ ವೈಟಾನ್ ಸೀಲುಗಳು ಕಾವು ತಡೆಯುತ್ತವಂತೆ. ಸೀಲಿನ ದುಡ್ಡು ಏನೂ ಅಲ್ಲ. ಅಲ್ಲಿಗೆ ಕೈ ಮುಟ್ಟಬೇಕಾದರೆ ಟರ್ಬೊ, ಇಂಟೇಕ್ ಮ್ಯಾನಿಫೋಲ್ಡ್ ಎಲ್ಲ ಕಳಚಬೇಕು.

ಹಳೆಯ ದೊಡ್ಡ ಗಾಡಿ ಕೊಳ್ಳುವವರು ತಿಳಿಯಬೇಕಾದದ್ದು ಇದೇ. ಗಾಡಿಯ ಬೆಲೆ ಇಳಿಯುತ್ತದೆ. ಅದರ ರಿಪೇರಿಯ ಬೆಲೆ ಶೋರೂಮಿನಲ್ಲಿ ಇದ್ದ ಮಟ್ಟದಲ್ಲೇ ಉಳಿಯುತ್ತದೆ. ಕೊಂಡ ದಿನವೇ ಅದಕ್ಕೊಂದು ಗಂಟು ಬೇರೆ ತೆಗೆದಿಟ್ಟಿರಬೇಕು.

ಜುಲೈ 3, ಬುಧವಾರ

ಮಳೆ ಬಿಟ್ಟೇ ಇಲ್ಲ. ಸನ್‌ರೂಫಿನ ನೀರು ಹೋಗುವ ಕೊಳವೆ ಕಟ್ಟಿತ್ತು. ತಂತಿಯಿಂದ ಮೆಲ್ಲಗೆ ಬಿಡಿಸಿದೆ. ಡಿಕ್ಕಿಯ ತಳದಲ್ಲೇ ಬ್ಯಾಟರಿ ಇರುವುದರಿಂದ ಅಲ್ಲೂ ಕೈಯಾಡಿಸಿ ನೋಡಿದೆ, ಒಣಗಿದೆ. ಸೀಟಿನ ಚರ್ಮಕ್ಕೆ ಬೂಷ್ಟು ಹಿಡಿದದ್ದನ್ನು ಹೆಂಡತಿಯೇ ಕೂತು ಒರೆಸಿದಳು. ಬೇಸಿಗೆಯಲ್ಲಿ ಅದಿರು ಲಾರಿಗಳ ಕೆಂಪು ಧೂಳು ಏರ್ ಫಿಲ್ಟರಿಗೆ, ಮಳೆಗಾಲದಲ್ಲಿ ಬೂಷ್ಟು. ಈ ಊರಿನಲ್ಲಿ ಸರ್ವಿಸ್ ಪುಸ್ತಕದ ಲೆಕ್ಕ ಸಾಲದು.

ಅಣ್ಣ ಫೋನಿನಲ್ಲಿ, "ಮಾರಿಬಿಡೋ, ಒಂದು ಸಣ್ಣ ಹೊಸಾದು ತಗೋ" ಅಂದ. ಅವನ ಕಾಳಜಿ ನಿಜವೇ. ನನಗಂತೂ ಮನಸ್ಸು ಬರುವುದಿಲ್ಲ.

ಜುಲೈ 21, ರವಿವಾರ

ಸೀಲುಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಾತ್ರಿ ಬಸ್ಸಿಗೆ ಬಂದವು. ಮಿಸ್ತ್ರಿ ರಟ್ಟಿನ ಮೇಲೆ ಮ್ಯಾನಿಫೋಲ್ಡಿನ ಆಕಾರ ಬರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರದೇ ಜಾಗದಲ್ಲಿ ಚುಚ್ಚಿಟ್ಟ. ಇಂಟೇಕಿನೊಳಗೆ ಒಂದು ಚೂರು ಕಸವೂ ಬೀಳಬಾರದೆಂದು ತೂತಿಗೆಲ್ಲ ಬಟ್ಟೆ ತುರುಕಿದ. ತಗ್ಗಿನ ಎಣ್ಣೆ ಒರೆಸುವುದಕ್ಕೇ ಮಧ್ಯಾಹ್ನವಾಯಿತು. ಹಳೆಯ ಸೀಲನ್ನು ಬೆರಳಲ್ಲಿ ಮಡಿಚಿದೆ, ಪಟ್ಟನೆ ಮುರಿಯಿತು. ಕೂಲರ್ ಕೂರುವ ಮುಖವನ್ನು ಅವನು ಕೆರೆಯಲಿಲ್ಲ. ಅಲ್ಯೂಮಿನಿಯಂ, ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆಂದು ಬಟ್ಟೆಯಲ್ಲೇ ಉಜ್ಜಿದ. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿದ. ಕೇಳಿದ ಕೂಲಿಯ ಮೇಲೆ ಸ್ವಲ್ಪ ಹೆಚ್ಚೇ ಕೊಟ್ಟೆ. ಅದು ಅವನಿಗೆ ಸಲ್ಲಬೇಕಾದದ್ದು.

ಆಗಸ್ಟ್ 8, ಗುರುವಾರ, ಬೆಳಗಾವಿ

ನಾಳೆ ನಾಗರಪಂಚಮಿ. ಸಾಂಖಳಿ, ಕೇರಿ ದಾಟಿ ಚೋರ್ಲಾ ಘಾಟ್ ಹತ್ತಿದೆವು. ತಿರುವಿನಲ್ಲಿ ಟೆಂಪೋ ಹಿಂದೆ ಪೂರ್ತಿ ನಿಂತು ಮತ್ತೆ ಹೊರಟರೂ ಎಂಜಿನ್ ಏದುಸಿರು ಬಿಡಲಿಲ್ಲ. 1400 ಸುತ್ತಿಗೇ 440 ನ್ಯೂಟನ್ ಮೀಟರ್ ಟಾರ್ಕ್ ಕೊಡುವ ಎಂಜಿನ್ ಇದು. ಘಾಟಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಹೋಗಿದ್ದರು.

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಎಣ್ಣೆಯ ಪಸೆಯೂ ಇಲ್ಲ. ಆದರೆ ಜಾಂಬೋಟಿ ಕಡೆಯ ಹೊಂಡಗಳಲ್ಲಿ, ಗೇರಿನಲ್ಲಿ ನಿಂತಾಗ ಸ್ಟೀರಿಂಗಿಗೆ ಸಣ್ಣ ನಡುಕ ಬರುತ್ತಿತ್ತು. ನ್ಯೂಟ್ರಲ್‌ಗೆ ಹಾಕಿದರೆ ಕಡಿಮೆಯಾಗುತ್ತದೆ. ಎಂಜಿನ್ ಮೌಂಟ್ ಇರಬೇಕು. ಸೋಮವಾರ ಮಿಸ್ತ್ರಿಗೆ ತೋರಿಸಿ, ಅವನು ಹೌದೆಂದರೆ ಎರಡೂ ಬದಿಯದನ್ನು ಒಟ್ಟಿಗೇ ತರಿಸುವುದು.