ಕೈತುತ್ತು

ಮೇಷ್ಟರಿಗೆ ಆಗ ಅರವತ್ತೆಂಟು ವರ್ಷ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಜಿಲ್ಲೆಯ ಗಡಿ ದಾಟಿ ಹೊರಗೆ ಹೋದದ್ದೇ ಅಪರೂಪ. ಹೋದರೂ ಊಟದ ಹೊತ್ತಿಗೆ ಯಾರಾದರೂ ನೆಂಟರ ಮನೆ ಸಿಕ್ಕುವಂತೆ ಪ್ರಯಾಣವನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಅಂಥವರು 2013ರ ಸೆಪ್ಟೆಂಬರಿನಲ್ಲಿ ವಿಮಾನವೇರಿ, ಅರಬ್ಬೀ ಸಮುದ್ರವನ್ನು ದಾಟಿ, ಇಥಿಯೋಪಿಯದ ರಾಜಧಾನಿಯಾದ ಆಡಿಸ್ ಅಬಾಬದಲ್ಲಿ ಇಳಿದರು. ಮಗನು ಅಲ್ಲಿಯ ಕಾಲೇಜೊಂದರಲ್ಲಿ ಅಧ್ಯಾಪಕನಾಗಿದ್ದನು. ಮೊಮ್ಮಗುವನ್ನು ನೋಡುವ ಆಸೆಯೊಂದಿಲ್ಲದಿದ್ದರೆ ಅವರು ಅಷ್ಟು ದೂರ ಹೊರಡುತ್ತಲೇ ಇರಲಿಲ್ಲ.

ಆಡಿಸ್ ಅಬಾಬ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರದಲ್ಲಿರುವ ನಗರ. ಸಮಭಾಜಕ ವೃತ್ತಕ್ಕೆ ಹತ್ತಿರವಾದರೂ ಬೆಳಗ್ಗೆ ಶಾಲು ಹೊದೆಯದೆ ಹೊರಗೆ ಕಾಲಿಡುವಂತಿಲ್ಲ. ಮಳೆಗಾಲ ಆಗತಾನೆ ಮುಗಿದು, ಊರ ಹೊರಗಿನ ದಿಬ್ಬಗಳ ಮೇಲೆಲ್ಲ ಹಳದಿಯ ಹೂ ಹಾಸಿತ್ತು. ಮೇಷ್ಟರು ದಿನವೂ ನೀಲಗಿರಿ ಮರಗಳ ನಡುವೆ ಒಂದು ಸುತ್ತು ಹಾಕಿ ಬರುವರು. ಬಂದು ಸೊಸೆ ಮಾಡಿದ ಅನ್ನ ಸಾರನ್ನು ಉಣ್ಣುವರು. ಹೀಗೆ ಮೂರು ವಾರ ಕಳೆದವು. ಆ ನಾಡಿನ ಅನ್ನ ಎಂಥದೆಂಬುದನ್ನು ಅವರು ಅರಿಯರು. ಅರಿಯುವ ಬಯಕೆಯೂ ಅವರಲ್ಲಿದ್ದಂತೆ ಕಾಣಲಿಲ್ಲ.

ಅಕ್ಟೋಬರಿನ ಒಂದು ಬುಧವಾರ, ಮಗನ ಹಿರಿಯ ಸಹೋದ್ಯೋಗಿಯೊಬ್ಬರು ಮನೆಮಂದಿಯನ್ನೆಲ್ಲ ಊಟಕ್ಕೆ ಕರೆದರು. ಏಳು ಗಂಟೆಗೆ ಬರಬೇಕೆಂದು ಹೇಳಿಕಳುಹಿಸಿದ್ದರು. ರಾತ್ರಿಯ ಊಟವಲ್ಲವೆ ಎಂದು ಮೇಷ್ಟರು ನಿಶ್ಚಿಂತರಾಗಿ ಮಧ್ಯಾಹ್ನದ ಅಡಿಗೆಗೆ ಕಾದು ಕುಳಿತಿದ್ದರು. ಹನ್ನೆರಡೂವರೆಯ ಹೊತ್ತಿಗೆ ಮಗನು, "ಅಪ್ಪಾ, ಏಳಿ, ಏಳು ಗಂಟೆ ಆಗುತ್ತ ಬಂತು" ಎಂದಾಗ ಅವರಿಗೆ ದಿಕ್ಕೇ ತೋಚಲಿಲ್ಲ. ಆ ದೇಶದವರು ದಿನದ ಗಂಟೆಗಳನ್ನು ಬೆಳಗಿನಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ; ನಮ್ಮ ಮಧ್ಯಾಹ್ನದ ಒಂದು ಗಂಟೆ ಅವರಿಗೆ ಏಳು. ವಿಷಯ ತಿಳಿದ ಮೇಲೆ ಮೇಷ್ಟರಿಗೆ ಅದು ಬಹಳ ಹಿಡಿಸಿತು. "ಅದರಲ್ಲಿ ತಪ್ಪೇನಿದೆ? ನಮ್ಮ ಪಂಚಾಂಗದ ಘಳಿಗೆಯೂ ಸೂರ್ಯೋದಯದಿಂದಲೇ ಅಲ್ಲವೆ?" ಎಂದು ಕೋಟು ತೊಟ್ಟುಕೊಂಡರು.

ಆದರೆ ದಾರಿಯುದ್ದಕ್ಕೂ ಅವರ ಮನಸ್ಸು ನೆಮ್ಮದಿಯಾಗಿರಲಿಲ್ಲ. ಅವರು ಮೊಟ್ಟೆಯನ್ನು ಸಹ ಮುಟ್ಟಿದವರಲ್ಲ. ಮಗನು ಸಮಾಧಾನ ಹೇಳಿದನು: ಬುಧವಾರ ಮತ್ತು ಶುಕ್ರವಾರ ಅಲ್ಲಿಯ ಸನಾತನ ಕ್ರೈಸ್ತರಿಗೆ ಉಪವಾಸದ ದಿನಗಳು. ಅಂದು ಮಾಂಸವಿಲ್ಲ, ಮೊಟ್ಟೆಯಿಲ್ಲ. ಹಾಲು, ಬೆಣ್ಣೆ, ತುಪ್ಪವೂ ವರ್ಜ್ಯ. ಆತಿಥೇಯರು ಬೇಕೆಂದೇ ಆ ದಿನವನ್ನು ಆರಿಸಿದ್ದರು. ತುಪ್ಪವನ್ನೂ ಬಿಡುವ ವ್ರತವೆಂದು ಕೇಳಿ ಮೇಷ್ಟರಿಗೆ ಆಶ್ಚರ್ಯವಾಯಿತು. ಹಾಲು ಹಣ್ಣಿನಿಂದ ಹೊಟ್ಟೆ ತುಂಬಿಸಿಕೊಳ್ಳುವ ತಮ್ಮ ಮನೆಯ ಏಕಾದಶಿ ಅವರಿಗೆ ನೆನಪಾಗಿರಬೇಕು.

ಭೋಜನಶಾಲೆ ಚಿಕ್ಕದು, ಅಚ್ಚುಕಟ್ಟಾಗಿತ್ತು. ಒಂದು ಮೂಲೆಯಲ್ಲಿ ನೆಲದ ಮೇಲೆ ಹಸಿಯ ಹುಲ್ಲನ್ನು ಹರಡಿದ್ದರು. ಧೂಪದ ಹೊಗೆ ಎಳೆಯಾಗಿ ಏಳುತ್ತಿತ್ತು. ಕುಳಿತುಕೊಳ್ಳಲು ಗಿಡ್ಡನೆಯ ಪೀಠಗಳು. ನಡುವೆ ಬಣ್ಣದ ಹುಲ್ಲಿನಿಂದ ಹೆಣೆದ, ಸೊಂಟದೆತ್ತರದ ಒಂದು ಬುಟ್ಟಿ. ಅದೇ ಅಲ್ಲಿಯ ಊಟದ ಮೇಜು. ಮೆಸೋಬ್ ಎಂದು ಅದರ ಹೆಸರು. ಆತಿಥೇಯರು ಅರವತ್ತು ದಾಟಿದ, ಬೆಳ್ಳಿಗೂದಲಿನ, ಮಿತಭಾಷಿಯಾದ ಗೃಹಸ್ಥರು. ಅವರ ಪತ್ನಿ ಬಿಳಿಯ ಹತ್ತಿಯ ಸೆರಗನ್ನು ತಲೆಯ ಮೇಲೆ ಹೊದ್ದಿದ್ದರು. ಇಬ್ಬರೂ ಎದ್ದು ನಿಂತು, ತಲೆಬಾಗಿ, "ಮೆಮ್ಹಿರ್" ಎಂದು ಮೇಷ್ಟರನ್ನು ಎದುರುಗೊಂಡರು. ಅವರ ಭಾಷೆಯಲ್ಲಿ ಗುರು ಎಂದು ಅದರ ಅರ್ಥ. ಹುಡುಗಿಯೊಬ್ಬಳು ಹೂಜಿಯನ್ನೂ ಬೋಗುಣಿಯನ್ನೂ ತಂದು, ಎಲ್ಲರ ಕೈಗೂ ನೀರೆರೆದಳು. ಬಲಗೈಯಲ್ಲಿ ಉಣ್ಣುವ ಜನ ಇವರೂ ಎಂದು ತಿಳಿದು ಮೇಷ್ಟರ ಅರ್ಧ ಅಂಜಿಕೆ ಇಳಿಯಿತು.

ಊಟ ಬಂದಿತು. ಒಂದೂವರೆ ಅಡಿಗೂ ಮಿಗಿಲಾದ ಅಗಲದ ಒಂದು ಹರಿವಾಣ. ಅದರ ತುಂಬ ಹಾಸಿದ, ಬೂದುಗಂದು ಬಣ್ಣದ ತೆಳ್ಳನೆಯ ರೊಟ್ಟಿ. ಅದು ಇಂಜೆರ. ರೊಟ್ಟಿಯೆನ್ನುವುದಕ್ಕಿಂತ ದೋಸೆಯೆನ್ನುವುದೇ ಸರಿ. ಮೇಲ್ಮೈ ತುಂಬ ಸಣ್ಣ ಸಣ್ಣ ಕಣ್ಣುಗಳು; ಮುಟ್ಟಿದರೆ ಬಟ್ಟೆಯಂತೆ ಮೆತ್ತಗೆ. ಮಲೆನಾಡಿನ ಓಡುದೋಸೆಯನ್ನು ಕಂಡವರಿಗೆ ಇದರ ಗುರುತು ಸಿಕ್ಕೀತು. ತೆಫ್ ಎಂಬ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ಸಲದ ಹುಳಿನೀರನ್ನು ಹೆಪ್ಪಿನಂತೆ ಬೆರೆಸಿ, ಎರಡು ಮೂರು ದಿನ ಹುದುಗಲು ಬಿಡುತ್ತಾರೆ. ಬಳಿಕ ಮಣ್ಣಿನ ಅಗಲವಾದ ಕಾವಲಿಯ ಮೇಲೆ ಹೊರಸುತ್ತಿನಿಂದ ನಡುವಿನವರೆಗೆ ಸುರುಳಿಯಾಗಿ ಹುಯ್ದು ಮುಚ್ಚುತ್ತಾರೆ. ಮಗುಚಿ ಹಾಕುವ ಪದ್ಧತಿಯಿಲ್ಲ; ಒಂದೇ ಮಗ್ಗುಲು ಬೇಯುತ್ತದೆ, ಇನ್ನೊಂದು ಆವಿಯಲ್ಲಿ ಕಣ್ಣು ಬಿಡುತ್ತದೆ.

ತೆಫ್ ಧಾನ್ಯವನ್ನು ಮೇಷ್ಟರು ಹಿಂದಿನ ದಿನವಷ್ಟೇ ಸಂತೆಯಲ್ಲಿ ಅಂಗೈಯಲ್ಲಿಟ್ಟು ನೋಡಿದ್ದರು. ರಾಗಿಯನ್ನು ಕಂಡು ಬೆಳೆದ ಕಣ್ಣಿಗೂ ಅದು ಧೂಳಿನಂತೆ ಕಂಡಿತ್ತು. ಕಾಳಿನ ಗಾತ್ರ ಒಂದು ಮಿಲಿಮೀಟರಿನಷ್ಟು. ಒಂದು ಗ್ರಾಂ ತೂಗಲು ಮೂರು ಸಾವಿರ ಕಾಳಾದರೂ ಬೇಕು. ಕೈಜಾರಿದರೆ ಮತ್ತೆ ಸಿಕ್ಕುವುದಿಲ್ಲವಾದ್ದರಿಂದಲೇ 'ಕಳೆದುಹೋಯಿತು' ಎಂಬರ್ಥದ ಮಾತಿನಿಂದ ಅದಕ್ಕೆ ಆ ಹೆಸರು ಬಂತೆಂದು ಅಲ್ಲಿಯವರು ಹೇಳುವುದುಂಟು. ಇಷ್ಟು ಸಣ್ಣ ಕಾಳು ಒಂದು ದೊಡ್ಡ ನಾಡನ್ನು ಸಾವಿರಾರು ವರ್ಷಗಳಿಂದ ಸಾಕಿಕೊಂಡು ಬಂದಿದೆ. ಅದೇ ಸಂತೆಯಲ್ಲಿ, ಪಕ್ಕದ ಚೀಲದಲ್ಲಿ, ಮೇಷ್ಟರಿಗೆ ರಾಗಿಯೂ ಕಂಡಿತು! 'ದಾಗುಸ' ಎಂದು ಅಂಗಡಿಯವಳು ಅದರ ಹೆಸರು ಹೇಳಿದಳು. ರಾಗಿಯ ತೌರು ಪೂರ್ವ ಆಫ್ರಿಕದ ಎತ್ತರದ ನಾಡುಗಳೆಂಬುದು ವಿದ್ವಾಂಸರ ಮತ. ಹುಟ್ಟಿದಂದಿನಿಂದ ಉಂಡ ಮುದ್ದೆಯ ಮೂಲ ಇಲ್ಲಿಯದೆಂದು ಮಗ ಹೇಳಿದಾಗ ಮೇಷ್ಟರು ಮೊದಲು ನಂಬಲಿಲ್ಲ. ಆಮೇಲೆ ಆ ಚೀಲದ ಮುಂದೆ ಬಹಳ ಹೊತ್ತು ನಿಂತಿದ್ದರು.

ಈಗ ಹರಿವಾಣದ ಮೇಲೆ ಗುಡ್ಡೆಗುಡ್ಡೆಯಾಗಿ ಪಲ್ಯ ಗೊಜ್ಜುಗಳನ್ನು ಬಡಿಸಿದ್ದರು. ಬಗೆಬಗೆಯದು ಎಂಬ ಅರ್ಥದಲ್ಲಿ ಈ ಊಟಕ್ಕೆ ಬೆಯಾಯ್ನೆತು ಎಂದೇ ಹೆಸರು. ಕೆಂಪಗೆ ಕುದಿಸಿದ ಮಸೂರದ ಬೇಳೆ, ಅರಿಸಿನ ಹಾಕಿದ ಬಟಾಣಿ ಬೇಳೆ, ಕಡಲೆ ಹಿಟ್ಟಿನ ಶಿರೊ, ಬೆಳ್ಳುಳ್ಳಿಯೊಡನೆ ಬೇಯಿಸಿದ ಸೊಪ್ಪು, ಎಲೆಕೋಸು, ಬೀಟ್‌ರೂಟು. ಕೆಂಪು ಬೇಳೆಗೆ ಹಾಕಿದ್ದ ಪುಡಿಯ ವಾಸನೆ ಮೇಷ್ಟರ ಮೂಗನ್ನು ತಟ್ಟನೆ ಎಚ್ಚರಿಸಿತು. ಬೆರ್ಬೆರೆ ಎಂಬ ಆ ಪುಡಿಯಲ್ಲಿ ಒಣಮೆಣಸಿನಕಾಯಿ, ಮೆಂತ್ಯ, ಶುಂಠಿ, ಬೆಳ್ಳುಳ್ಳಿ, ಓಮ, ಆ ನಾಡಿನದೇ ಒಂದು ಬಗೆಯ ಏಲಕ್ಕಿ, ಇನ್ನೂ ಏನೇನೋ ಸೇರಿರುತ್ತವೆ. ಮೆಂತ್ಯ ಹುರಿದ ವಾಸನೆಗೆ ಊರಿನ ಅಡಿಗೆಮನೆಯೇ ಬಂದು ಎದುರಿಗೆ ನಿಂತಂತಾಯಿತು.

ಇಷ್ಟೆಲ್ಲ ಸರಿ. ಆದರೆ ಹರಿವಾಣ ಒಂದೇ. ಸುತ್ತಲೂ ಕುಳಿತವರು ಐವರು.

ಮೇಷ್ಟರು ಬೆಳೆದ ಮನೆಯಲ್ಲಿ ಎಂಜಲೆಂಬುದು ಬರಿಯ ಶುಚಿಯ ಮಾತಾಗಿರಲಿಲ್ಲ. ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ತಿನ್ನರು. ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯಬೇಕು. ಬಡಿಸುವ ಸೌಟು ಎಲೆಗೆ ತಗುಲಿದರೆ ಪಾತ್ರೆಯ ಅನ್ನವೇ ಎಂಜಲು. ಇದನ್ನು ಬಲ್ಲ ಮಗನು ಮೊದಲೇ ಪರಿಚಾರಕನಿಗೆ ಹೇಳಿಟ್ಟಿದ್ದನೆಂದು ತೋರುತ್ತದೆ. ಆತನು ಬಿಳಿಯ ತಟ್ಟೆಯೊಂದರಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿ ತಂದು ಮೇಷ್ಟರ ಮುಂದಿಟ್ಟನು.

ಆತಿಥೇಯರು ಆ ತಟ್ಟೆಯನ್ನು ನೋಡಿದರು. ಅವರ ಮುಖದಲ್ಲಿ ಅಸಮಾಧಾನವೇನೂ ಕಾಣಲಿಲ್ಲ. "ನನಗೆ ಗಣಿತವನ್ನು ಕಲಿಸಿದವರೂ ತಮ್ಮ ದೇಶದವರು" ಎಂದು ಅವರು ಮೆಲ್ಲಗೆ ಹೇಳತೊಡಗಿದರು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಭಾರತದ ಅನೇಕ ಉಪಾಧ್ಯಾಯರು ಆ ದೇಶದ ಶಾಲೆಗಳಿಗೆ ಬಂದು, ದೂರದ ಚಿಕ್ಕ ಊರುಗಳಲ್ಲಿಯೂ ಪಾಠ ಹೇಳಿದ್ದರು. ಹಾಗೆ ಬಂದ ಒಬ್ಬರು ಅವರ ಊರಿನಲ್ಲಿ ಮೂರು ವರ್ಷವಿದ್ದರಂತೆ. "ಬಹಳ ಒಳ್ಳೆಯ ಗುರುಗಳು. ಸಂಜೆಯ ಹೊತ್ತು ದೀಪದ ಬೆಳಕಿನಲ್ಲಿ ನಮಗೆ ದುಡ್ಡಿಲ್ಲದೆ ಲೆಕ್ಕ ಹೇಳಿಕೊಡುತ್ತಿದ್ದರು. ಪ್ರತಿ ಹಬ್ಬಕ್ಕೂ ನನ್ನ ತಾಯಿ ಅವರನ್ನು ಕರೆಯುತ್ತಿದ್ದಳು. ಅವರು ಬರುತ್ತಿದ್ದರು, ಕುಳಿತು ಮಾತನಾಡುತ್ತಿದ್ದರು, ಒಂದು ಬಾಳೆಹಣ್ಣು ತಿಂದು ಹೋಗುತ್ತಿದ್ದರು. ನಮ್ಮ ಅಡಿಗೆ ಅವರಿಗೆ ರುಚಿಸದೆಂದು ನಾವು ತಿಳಿದೆವು. ನನ್ನ ತಾಯಿ ಮಾತ್ರ ಕೊನೆಯವರೆಗೂ ಕೇಳುತ್ತಿದ್ದಳು, ತಾನು ಏನು ತಪ್ಪು ಮಾಡಿದೆನೆಂದು."

ದೂರದ ದೇಶದಲ್ಲಿ ಒಬ್ಬಂಟಿಯಾಗಿದ್ದ ಆ ಗುರುಗಳನ್ನು ಯಾರೂ ದೂರುವಂತಿಲ್ಲ. ಮಾಂಸ ಬೆಂದ ಪಾತ್ರೆಯೆಂಬ ಶಂಕೆಯೋ, ಮನೆಯವರಿಗೆ ಕೊಟ್ಟು ಬಂದ ಮಾತೋ, ಯಾರು ಬಲ್ಲರು? ಹೇಳಿದವರೂ ದೂರಲೆಂದು ಹೇಳಲಿಲ್ಲ. ಆದರೆ ಮೇಷ್ಟರ ಕೈ ತಟ್ಟೆಯ ಅಂಚಿನಲ್ಲಿಯೇ ನಿಂತುಬಿಟ್ಟಿತು.

1974ರಲ್ಲಿ ಅವರು ಪಾವಗಡದ ಕಡೆಯ ಹಳ್ಳಿಯೊಂದರಲ್ಲಿದ್ದರು. ಅವರ ತರಗತಿಯ ಒಬ್ಬ ಹುಡುಗ ಊರ ಹೊರಗಿನ ಕೇರಿಯವನು. ಆ ಕೇರಿಯಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲನೆಯವನು ಆತನೇ. ಫಲಿತಾಂಶ ಬಂದ ದಿನ ಅವನ ತಾಯಿ ಶಾಲೆಯ ಬಾಗಿಲಿಗೆ ಬಂದು, "ಸ್ವಾಮಿ, ಮನೇತಂಕ ಬರಬೇಕು" ಎಂದು ಕೈಮುಗಿದಳು. ಮೇಷ್ಟರು ಹೋದರು. ಆ ಕಾಲಕ್ಕೆ ಹೋದದ್ದೇ ದೊಡ್ಡದೆಂದು ಊರಿನವರು ಆಡಿಕೊಂಡರು. ಮೇಷ್ಟರೂ ಹಾಗೆಯೇ ತಿಳಿದಿದ್ದರು. ಗುಡಿಸಲಿನ ಮುಂದೆ ಸಾರಿಸಿ, ರಂಗೋಲೆ ಇಟ್ಟು, ಎರವಲು ತಂದ ಕುರ್ಚಿ ಹಾಕಿದ್ದರು. ಹೊಸ ಹಿತ್ತಾಳೆಯ ಲೋಟದಲ್ಲಿ ಶಾವಿಗೆ ಪಾಯಸ ಬಂತು. "ಈಗತಾನೆ ಊಟವಾಯಿತಮ್ಮ, ಹೊಟ್ಟೆಯಲ್ಲಿ ಜಾಗವಿಲ್ಲ" ಎಂದು ಮೇಷ್ಟರು ಹೇಳಿ, ತಟ್ಟೆಯಲ್ಲಿದ್ದ ಬಾಳೆಹಣ್ಣೊಂದನ್ನು ಸುಲಿದು ತಿಂದು ಎದ್ದುಬಂದರು. ಊಟವಾಗಿರಲಿಲ್ಲ. ಹುಡುಗನಿಗೆ ಅದು ಗೊತ್ತಿತ್ತು. ಬೆಳಗಿನಿಂದ ಅವನು ಶಾಲೆಯಲ್ಲಿ ಅವರೊಡನೆಯೇ ಇದ್ದನು.

ಮೇಷ್ಟರು ಬಿಳಿಯ ತಟ್ಟೆಯನ್ನು ಮಗನ ಕಡೆಗೆ ಸರಿಸಿದರು. "ಇದು ಬೇಡ, ತೆಗೆ" ಎಂದರು. ಮಗನು, "ಪರವಾಗಿಲ್ಲ ಅಪ್ಪಾ, ಅವರೇನೂ ತಿಳಿದುಕೊಳ್ಳುವುದಿಲ್ಲ" ಎಂದು ಕನ್ನಡದಲ್ಲಿ ಪಿಸುಗುಟ್ಟಿದನು. "ತೆಗೆ ಅಂದೆನಲ್ಲ" ಎಂದರು ಮೇಷ್ಟರು. ಅವರ ಧ್ವನಿಯಲ್ಲಿ ತರಗತಿಯ ಗಡಸು ಬಂದಿತ್ತು.

ಅವರು ಹರಿವಾಣದ ಅಂಚಿನಿಂದ ಇಂಜೆರದ ಚೂರೊಂದನ್ನು ಹರಿದು, ಕೆಂಪು ಬೇಳೆಯನ್ನು ಅದರಲ್ಲಿ ಹಿಡಿದು ಬಾಯಿಗಿಟ್ಟರು. ಮೊದಲು ನಾಲಗೆಗೆ ತಾಗಿದ್ದು ಹುಳಿ. ಮೂರು ದಿನದ ದೋಸೆಹಿಟ್ಟಿನ ಹುಳಿ. ಅವರ ಮುಖ ತುಸು ಕಿವಿಚಿತು. ಸೊಸೆ ನೀರಿನ ಲೋಟವನ್ನು ಮುಂದೂಡಿದಳು. ಅಷ್ಟರಲ್ಲಿ ಹಿಂದಿನಿಂದ ಖಾರ ಬಂತು, ಖಾರದ ಹಿಂದೆ ಮೆಂತ್ಯದ ಕಹಿ ಕಂಪು. ಹುಳಿಯಿಲ್ಲದಿದ್ದರೆ ಆ ಖಾರ ಸಹಿಸುವಂತಿಲ್ಲ; ಖಾರವಿಲ್ಲದಿದ್ದರೆ ಆ ಹುಳಿ ಒಗ್ಗುವಂತಿಲ್ಲ. ನಾಲ್ಕನೆಯ ತುತ್ತಿಗೆ ಮೇಷ್ಟರು ಶಿರೊದ ಕಡೆಗೆ ಕೈಚಾಚಿದರು. ನೋಡುತ್ತ ಹೋದಂತೆ ಅವರಿಗೆ ಇನ್ನೊಂದು ಸಂಗತಿ ತಿಳಿಯಿತು. ಪ್ರತಿಯೊಬ್ಬರೂ ತಮ್ಮ ಎದುರಿನ ಭಾಗದಿಂದಲೇ ಹರಿಯುತ್ತಾರೆ. ಬೆರಳು ತುಟಿಗೆ ಸೋಕದಂತೆ ತುತ್ತನ್ನು ಸುತ್ತುತ್ತಾರೆ. ಬೆರಳು ನೆಕ್ಕುವುದು ಅಲ್ಲಿಯೂ ಅನಾಚಾರ. ಐದು ಕೈಗಳು ಒಂದಕ್ಕೊಂದು ಅಡ್ಡಬರದೆ ಬಂದು ಹೋಗುತ್ತಿದ್ದವು.

ಆಗ ಆತಿಥೇಯರು ಒಂದು ದೊಡ್ಡ ತುತ್ತನ್ನು ಅಚ್ಚುಕಟ್ಟಾಗಿ ಕಟ್ಟಿ, ಎದ್ದು, ಬಲಗೈಯನ್ನು ಮೇಷ್ಟರ ಬಾಯ ಬಳಿಗೆ ತಂದರು. "ಗುರ್ಷಾ" ಎಂದರು. ತಮ್ಮ ಕೈಯಾರೆ ಅತಿಥಿಗೆ ಉಣಿಸುವುದು ಆ ನಾಡಿನಲ್ಲಿ ಪ್ರೀತಿಯ, ಗೌರವದ ಗುರುತು, ಬೇಡವೆನ್ನುವುದು ಸಲ್ಲದು. ಮಗನ ಉಸಿರು ನಿಂತಿತು. ಮೇಷ್ಟರು ಒಂದು ಕ್ಷಣ ಆ ಕೈಯನ್ನು ನೋಡಿದರು. ಅಂಗಳದಲ್ಲಿ ಬೆಳದಿಂಗಳಿನಲ್ಲಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಅಜ್ಜಿ ಹಾಕುತ್ತಿದ್ದ ಕೈತುತ್ತಿನ ತರುವಾಯ, ಅರವತ್ತು ವರ್ಷಗಳಲ್ಲಿ ಯಾರೂ ಅವರಿಗೆ ಉಣಿಸಿರಲಿಲ್ಲ. ಅವರು ಬಾಯಿ ತೆರೆದರು. ತುತ್ತು ದೊಡ್ಡದು, ಕಣ್ಣಲ್ಲಿ ನೀರು ಬಂತು. ಬೆರ್ಬೆರೆಯ ಖಾರವೆಂದು ಸೊಸೆ ಮತ್ತೆ ನೀರಿನ ಲೋಟ ಕೊಟ್ಟಳು.

ನೀರು ಕುಡಿದು ಸುಧಾರಿಸಿಕೊಂಡ ಮೇಷ್ಟರು ತಾವೂ ಒಂದು ತುತ್ತು ಕಟ್ಟಿದರು. ಅಭ್ಯಾಸವಿಲ್ಲದ ಕೈ, ಅರ್ಧ ಬೇಳೆ ಹರಿವಾಣಕ್ಕೇ ಬಿತ್ತು. ಉಳಿದದ್ದನ್ನು ಅವರು ಆತಿಥೇಯರ ಬಾಯಿಗಿಟ್ಟರು. ಆ ಮುದುಕರು ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತು ತಿಂದರು.

ಊಟದ ಬಳಿಕ ಕಾಫಿಯಾಯಿತು. ಹುಲ್ಲು ಹಾಸಿದ ಮೂಲೆಯಲ್ಲಿ ಆ ಹುಡುಗಿ ಹಸಿರು ಬೀಜಗಳನ್ನು ಎಲ್ಲರ ಕಣ್ಣೆದುರಿನಲ್ಲೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದಳು. ಆ ಕಂಪನ್ನು ಕೈಯಿಂದ ಬಳಿಗೆ ಎಳೆದುಕೊಳ್ಳುವುದೂ ಒಂದು ಮರ್ಯಾದೆ. ಕುಟ್ಟಿದ ಪುಡಿ, ಉದ್ದ ಕೊರಳಿನ ಮಣ್ಣಿನ ಹೂಜಿ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದ ಐತಿಹ್ಯವನ್ನು ಮೇಷ್ಟರು ಹೇಳಿದರು. "ಯೆಮನ್ನಿಗೆ ಅದು ಹೋದದ್ದು ಇಲ್ಲಿಂದಲೇ" ಎಂದು ಆತಿಥೇಯರ ಪತ್ನಿ ನಕ್ಕರು. ಒಂದೇ ಪುಡಿಗೆ ಮತ್ತೆ ಮತ್ತೆ ನೀರೆರೆದು ಮೂರು ಸಲ ಕೊಡುವುದು ಪದ್ಧತಿ. ಮೂರನೆಯದನ್ನು ಕುಡಿಯದೆ ಏಳುವಂತಿಲ್ಲ. ಹಾಲಿಲ್ಲದ ಕಾಫಿ ಮೇಷ್ಟರಿಗೆ ಸೇರಲಿಲ್ಲ. ಆದರೂ ಮೂರನ್ನೂ ಕುಡಿದರು.

ಕಾರಿನಲ್ಲಿ ಹಿಂದಿರುಗುವಾಗ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಸೊಸೆ, "ಮಾವ, ಊಟ ಹೇಗಿತ್ತು?" ಎಂದು ಕೇಳಿದಳು.

"ಹುಳಿ ಸ್ವಲ್ಪ ಹೆಚ್ಚು" ಎಂದರು ಮೇಷ್ಟರು. ಸೋಪು ಹಚ್ಚಿ ತೊಳೆದರೂ ಅವರ ಬೆರಳಿನಲ್ಲಿ ಮೆಂತ್ಯದ ವಾಸನೆ ಉಳಿದಿತ್ತು. ತುಸು ದೂರ ಹೋದ ಮೇಲೆ ಅವರು ಮಗನನ್ನು ಕರೆದು, "ರಾತ್ರಿ ಊರಿಗೆ ಫೋನು ಮಾಡುತ್ತೀಯಲ್ಲ, ಆಗ ನಿಮ್ಮ ಚಿಕ್ಕಪ್ಪನನ್ನು ಒಂದು ಮಾತು ಕೇಳು. ಪಾವಗಡದ ಕಡೆ ನನ್ನ ಹತ್ತಿರ ಓದಿದ ಒಬ್ಬ ಹುಡುಗ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಈಗ ಎಲ್ಲಿದ್ದಾನೆಂದು ವಿಚಾರಿಸಬೇಕು" ಎಂದರು.

"ಏನು ಕೆಲಸ ಅಪ್ಪಾ?"

"ಕೆಲಸವೇನಿಲ್ಲ. ಅವನ ತಾಯಿ ಇದ್ದಾಳೆಯೋ ಏನೋ, ಕೇಳು."